ಹೊಸ ಆವೃತ್ತಿ, ಹಳೆಯ ಬಾಂದುಕಲ್ಲು

ಅಳೆದವನೇ ತನ್ನ ಅಳತೆಯನ್ನು ನಂಬಲೊಲ್ಲದೆ ಮತ್ತೊಮ್ಮೆ ಪರೀಕ್ಷಿಸಿ ನೋಡುವ ಶಿಸ್ತು ಮೈಸೂರು ಸೀಮೆಗೆ ಇನ್ನೂರು ವರ್ಷಗಳ ಹಿಂದೆಯೇ ಪರಿಚಿತವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ ಕಾಲಿನ್ ಮೆಕೆಂಜಿಯು ಈ ರಾಜ್ಯದ ಸರ್ವೆ ಕಾರ್ಯಕ್ಕೆ ನಿಯುಕ್ತನಾದನು. ಅದೇ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ವಿಲಿಯಂ ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಪಶ್ಚಿಮಾಭಿಮುಖವಾಗಿ ನಡೆಸಿಕೊಂಡು ಬಂದು, 1804ರಲ್ಲಿ ಬೆಂಗಳೂರಿನ ಬಳಿ ಎರಡನೆಯದೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಯಿಸಿ, ಗಣಿತದಿಂದ ಬಂದ ಉದ್ದಕ್ಕೂ ಸರಪಳಿಯಿಂದ ಬಂದ ಉದ್ದಕ್ಕೂ ಕೆಲವೇ ಅಂಗುಲಗಳ ಅಂತರವಿರುವುದನ್ನು ಕಂಡುಕೊಂಡನು. ಈ ಎರಡನೆಯ ರೇಖೆಯಿಂದ ಹೊಸದೊಂದು ಊರಾಗಲಿ ಬೆಟ್ಟವಾಗಲಿ ನಕ್ಷೆಗೆ ಸೇರಲಿಲ್ಲ. ಆದರೂ ಅದಕ್ಕೆ ವ್ಯಯವಾದ ಶ್ರಮವು ವ್ಯರ್ಥವಾಗಿರಲಿಲ್ಲ.

ಇಂದು ನಕ್ಷೆಯ ಕೆಲಸವು ಸರಪಳಿಯಿಂದ ಗಣಕಯಂತ್ರಕ್ಕೆ ಬಂದು ನಿಂತಿದೆ. ಅಲಾಸ್ಕಾದಲ್ಲಿದ್ದ ಗ್ಯಾರಿ ಶರ್ಮನ್ ಎಂಬವರು 2002ರಲ್ಲಿ ಆರಂಭಿಸಿದ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶವು ಅನೇಕ ದೇಶಗಳ ಪ್ರೋಗ್ರಾಮರುಗಳ ಸಹಕಾರದಿಂದ ಬೆಳೆದು, ಹುಣಸೂರಿನ ಕಾಲೇಜು ವಿದ್ಯಾರ್ಥಿಗೂ ಹೆಗ್ಗಡದೇವನಕೋಟೆಯ ಅರಣ್ಯ ಹಕ್ಕು ಸಮಿತಿಗೂ ಒಂದು ಕಾಸಿನ ಲೈಸೆನ್ಸ್ ಶುಲ್ಕವಿಲ್ಲದೆ ದೊರೆಯುವ ಸಂಪತ್ತಾಗಿದೆ. ಇಂಥ ಸಂಪತ್ತನ್ನು ಕೃತಜ್ಞತೆಯಿಂದ ಸ್ವೀಕರಿಸುವವನು ಅದರ ಹೊಸ ಆವೃತ್ತಿಗಳಲ್ಲಿ ಆಗಾಗ ನುಸುಳುವ ದೋಷಗಳನ್ನು, ಅಂದರೆ ಎಲ್ಲರೂ ‘ಬಗ್’ ಎಂದು ಕರೆಯುವವನ್ನು, ಹೇಗೆ ಎದುರಿಸಬೇಕೆಂಬ ಪ್ರಶ್ನೆಯನ್ನು ದೂರದೇಶದ ತಯಾರಕರ ತಲೆಗೇ ಕಟ್ಟಿ ಸುಮ್ಮನಿರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದೋಷಗಳಲ್ಲಿ ಎರಡು ಜಾತಿಗಳುಂಟು. ಒಂದು, ಕಣ್ಣಿಗೆ ಹೊಡೆದಂತೆ ಕಾಣುವಂಥದು. ನಕ್ಷೆಯ ಅನೇಕ ತಂತ್ರಾಂಶಗಳಿಗೆ ತಳಪಾಯವಾಗಿರುವ ಪ್ರೋಜ್ ಮತ್ತು ಜಿಡಾಲ್ ಎಂಬ ಕೋಡ್ ಲೈಬ್ರರಿಗಳು 2019ರಲ್ಲಿ ತಮ್ಮ ಪದ್ಧತಿಯನ್ನು ಬದಲಿಸಿ, ಅಕ್ಷಾಂಶವೇ ಮೊದಲು ಎಂದು ಅಧಿಕೃತವಾಗಿ ಗೊತ್ತಾದೆಡೆಯಲ್ಲಿ ಅದನ್ನೇ ಮೊದಲು ಓದಲಾರಂಭಿಸಿದಾಗ, ರೇಖಾಂಶವನ್ನೇ ಮುಂದಿಟ್ಟುಕೊಂಡು ಬರೆದಿದ್ದ ಹಳೆಯ ಪ್ರೋಗ್ರಾಮುಗಳು ಎರಡು ಅಂಕೆಗಳನ್ನೂ ಅದಲುಬದಲು ಮಾಡಿಕೊಳ್ಳುವ ಸಂಭವ ಒದಗಿತು. ಹುಣಸೂರಿನ ಸುಮಾರು 12.3 ಮತ್ತು 76.3 ಎಂಬ ಅಂಕೆಗಳು ಹೀಗೆ ತಿರುವುಮುರುವಾದರೆ ಊರು ಉತ್ತರಧ್ರುವದ ಕಡೆಗೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಸಮೀಪದ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ಇಂಥ ದೋಷವನ್ನು ಕಂಡು ಮೋಸಹೋಗುವವರು ಯಾರೂ ಇಲ್ಲ.

ಭಯಪಡಬೇಕಾದದ್ದು ಎರಡನೆಯ ಜಾತಿಗೆ. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು ಎವರೆಸ್ಟ್ ಎಂಬ ಸರ್ವೆಯರನ 1830ರ ಭೂಗೋಲಮಾನವನ್ನು, ಅಂದರೆ ಭೂಮಿಯ ಆಕಾರದ ಅಳತೆಯನ್ನು, ಅನುಸರಿಸಿ ರಚಿತವಾದವು. ಮೊಬೈಲಿನ ಜಿಪಿಎಸ್ ನಡೆಯುವುದು 1984ರ ಜಾಗತಿಕ ಮಾನದ ಮೇಲೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವ ಗಣಿತವನ್ನು ತಂತ್ರಾಂಶವು ಹೊಸ ಆವೃತ್ತಿಯಲ್ಲಿ ತಪ್ಪಾಗಿ ಆರಿಸಿಕೊಂಡರೆ, ಅಥವಾ ಮಾತಾಡದೆ ಬಿಟ್ಟುಬಿಟ್ಟರೆ, ನಮ್ಮ ಪ್ರಾಂತದಲ್ಲಿ ಸ್ಥಾನವು ನೂರು ಮೀಟರಿಗೂ ಮಿಗಿಲಾಗಿ ಸರಿಯುತ್ತದೆ. ನಕ್ಷೆ ಅಂದವಾಗಿಯೇ ಇರುತ್ತದೆ; ಲಕ್ಷ್ಮಣತೀರ್ಥ ನದಿ ಹರಿಯುತ್ತಲೇ ಇರುತ್ತದೆ, ರಸ್ತೆ ಊರನ್ನು ಮುಟ್ಟುತ್ತಲೇ ಇರುತ್ತದೆ. ಆದರೆ 33 ಅಡಿ ಬದಿಯ ಗುಂಟೆಯನ್ನು ಲೆಕ್ಕಹಾಕಿ ಜಗಳವಾಡುವ ನಾಡಿನಲ್ಲಿ ನೂರು ಮೀಟರೆಂದರೆ ಏನು? ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರು ಮಾತ್ರ. ಅಷ್ಟು ಸರಿದರೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲವೊಂದು ತನ್ನ ಸರ್ವೆ ನಂಬರನ್ನೇ ಪೂರ್ಣವಾಗಿ ಬಿಟ್ಟು ಪಕ್ಕದವನ ಹಿಸ್ಸೆಯಲ್ಲಿ ನಿಲ್ಲಬಹುದು. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ತಮ್ಮ ಹಾಡಿಯ ಸುತ್ತಣ ನೆಲವನ್ನು ಗುರುತಿಸಿ ನಕ್ಷೆ ಸಲ್ಲಿಸುವ ಜೇನುಕುರುಬರಿಗೆ ಇದರಿಂದಾಗುವ ಹಾನಿ ಇನ್ನೂ ದೊಡ್ಡದು, ಏಕೆಂದರೆ ಗಡಿ ತಪ್ಪಿದ ನಕ್ಷೆಯೊಂದು ಅವರ ಅರ್ಜಿಯ ಮೇಲೆಯೇ ಸಂಶಯ ಹುಟ್ಟಿಸುತ್ತದೆ. ತಲೆಮಾರುಗಳಿಂದ ಕಾಡಿನಲ್ಲಿ ಬಾಳಿದವರು ಯಾರದೋ ಗಣಕದ ಒಂದು ಅಪ್‌ಡೇಟಿಗೆ ತಲೆಬಾಗಬೇಕಾಗುತ್ತದೆ.

ಇದಕ್ಕೆ ಕ್ಯೂಜಿಐಎಸ್ ತಯಾರಕರು ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ನಾಲ್ಕು ತಿಂಗಳಿಗೊಂದು ಹೊಸ ಆವೃತ್ತಿಯನ್ನು ಹೊರತರುವ ಕ್ರಮದ ಜೊತೆಗೆ, ಹೊಸ ಸೌಲಭ್ಯಗಳನ್ನು ಸೇರಿಸದೆ ದೋಷಗಳನ್ನು ಮಾತ್ರ ತಿದ್ದುತ್ತ ಒಂದು ವರ್ಷದಷ್ಟು ಕಾಲ ಪೋಷಿಸುವ ದೀರ್ಘಾವಧಿ ಆವೃತ್ತಿಯ ಪದ್ಧತಿಯನ್ನು ಅವರು 2015ರಲ್ಲಿ, 2.8ರಿಂದ ಮೊದಲುಗೊಂಡು, ರೂಢಿಗೆ ತಂದರು. 2018ರ ಫೆಬ್ರುವರಿಯಲ್ಲಿ 3.0 ಹೊರಬಿದ್ದು ಹಳೆಯ ಪ್ಲಗಿನ್ನುಗಳೆಲ್ಲ ಪುನಃ ಬರೆಯದ ಹೊರತು ನಡೆಯದಂತಾದಾಗ, 3.4 ಪಕ್ವವಾಗುವವರೆಗೂ 2.18ನ್ನೇ ಕಾಪಾಡಿಕೊಂಡು ಬಂದ ಅವರ ವಿವೇಕ ಶ್ಲಾಘ್ಯವಾದದ್ದು. ಪ್ರತಿ ಬಿಡುಗಡೆಗೆ ಮುನ್ನ ಹೊಸದನ್ನು ಸೇರಿಸುವುದನ್ನು ನಿಲ್ಲಿಸಿ ಪರೀಕ್ಷೆಗೆಂದೇ ವಾರಗಳನ್ನು ಮೀಸಲಿಡುತ್ತಾರೆ. ದಾನದಿಂದ ಬಂದ ಹಣವನ್ನು ಪ್ರೋಗ್ರಾಮರುಗಳಿಗೆ ಕೊಟ್ಟು ದೋಷಪರಿಹಾರ ಮಾಡಿಸುತ್ತಾರೆ.

ಆದರೆ ಪರೀಕ್ಷಿಸುವವನ ಕೈಯಲ್ಲಿರುವುದು ಅವನ ದೇಶದ ನಕ್ಷೆ. ಎವರೆಸ್ಟ್ ಮಾನವಾಗಲಿ, ಆಕಾರಬಂದು, ಟಿಪ್ಪಣಿ, ಗ್ರಾಮನಕಾಶೆಗಳಿಂದ ಹುಟ್ಟಿದ ನಮ್ಮ ಕಡತಗಳಾಗಲಿ ಅವನ ದಿನನಿತ್ಯದ ವ್ಯವಹಾರದಲ್ಲಿ ಬರುವುದಿಲ್ಲ. ಆದಕಾರಣ ಇಲ್ಲಿಯ ದೋಷವನ್ನು ಇಲ್ಲಿಯವರೇ ಹಿಡಿಯಬೇಕು. ತಾಲ್ಲೂಕಿಗೆ ಕೆಲವು ಬಾಂದುಕಲ್ಲುಗಳನ್ನೂ ದೇವಸ್ಥಾನದ ಗರುಡಗಂಬ, ಸೇತುವೆ ಮೊದಲಾದ ಕದಲದ ಗುರುತುಗಳನ್ನೂ ಆರಿಸಿ, ಅವುಗಳ ಸ್ಥಾನವನ್ನು ಭೂಮಾಪಕರಿಂದ ನಿಷ್ಕೃಷ್ಟವಾಗಿ ನಿರ್ಧರಿಸಿ ಇಟ್ಟುಕೊಂಡು, ಹೊಸ ಆವೃತ್ತಿಯೊಂದು ಬಂದಾಗ ಅವು ಕದಲಿಲ್ಲವೆಂಬುದನ್ನು ನೋಡಿಯೇ ಕೆಲಸಕ್ಕೆ ತೊಡಗುವುದು ಕಷ್ಟವಲ್ಲ. ಕೆಲಸ ನಡೆಯುತ್ತಿರುವ ಯಂತ್ರದಲ್ಲಿ ದೀರ್ಘಾವಧಿ ಆವೃತ್ತಿಯೇ ಇರಲಿ; ಹೊಸದು ಬೇರೆ ಯಂತ್ರದಲ್ಲಿ, ಕಡತಗಳ ಪ್ರತಿಯ ಮೇಲೆ ನಡೆಯಲಿ, ಏಕೆಂದರೆ ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟನ್ನು ಹಳೆಯದು ಸರಿಯಾಗಿ ತೆರೆಯದೆ ಹೋಗಬಹುದು.

ದೋಷ ಕಂಡರೆ ಬರೆದು ತಿಳಿಸಬೇಕು. ಆವೃತ್ತಿಯ ಸಂಖ್ಯೆ, ಮಾಡಿದ ಕೆಲಸದ ಕ್ರಮ, ನಿರೀಕ್ಷಿಸಿದ್ದು, ಕಂಡದ್ದು, ಇವುಗಳೊಡನೆ ಒಂದು ಸಣ್ಣ ಮಾದರಿ ಕಡತವೂ ಇರಬೇಕು. ಕೆಟ್ಟಿದೆ ಎಂದಷ್ಟೇ ಹೇಳಿದರೆ ವೈದ್ಯನ ಮುಂದೆ ಮೈ ಸರಿಯಿಲ್ಲವೆಂದು ಹೇಳಿ ಸುಮ್ಮನೆ ಕುಳಿತಂತೆ. ಮಾಹಿತಿಯ ಹಳಸುತನವನ್ನು ತಂತ್ರಾಂಶದ ದೋಷವೆಂದು ಭ್ರಮಿಸಲೂ ಬಾರದು: ಸರಗೂರು ಹೆಗ್ಗಡದೇವನಕೋಟೆಯಿಂದಲೂ ಸಾಲಿಗ್ರಾಮ ಕೃಷ್ಣರಾಜನಗರದಿಂದಲೂ ಬೇರ್ಪಟ್ಟು ತಾಲ್ಲೂಕುಗಳಾದ ಮೇಲೂ ಹಳೆಯ ಗಡಿಯೇ ಕಂಡುಬಂದರೆ ತಿದ್ದಬೇಕಾದದ್ದು ಕಡತವನ್ನು.

ಕನ್ನಡ ಲಿಪಿಯ ವಿಷಯ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು. ಓಪನ್‌ಸ್ಟ್ರೀಟ್‌ಮ್ಯಾಪಿನ ಪ್ರಧಾನ ನಕ್ಷೆಯನ್ನು ಬಿಡಿಸುವ ಮ್ಯಾಪ್ನಿಕ್ ತಂತ್ರಾಂಶವು 2015ರ ತನ್ನ 3.0 ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ಸಾಧನವನ್ನು ಅಳವಡಿಸಿಕೊಂಡಿತು. ಆದರೆ ಬ್ರೌಸರಿನಲ್ಲೇ ನಕ್ಷೆ ಬಿಡಿಸುವ ತರುವಾಯದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ನಿಂತವು. ಇದನ್ನು ಕಂಡುಹಿಡಿಯಲು ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಕೃಷ್ಣರಾಜನಗರ ಎಂಬ ಮೂರು ಹೆಸರುಗಳೇ ಸಾಕು. ಗಕಾರ ಟಕಾರಗಳ ದ್ವಿತ್ವವೂ ಷಕಾರದ ಕೆಳಗಿನ ಣಕಾರವೂ ಋಕಾರದ ಚಿಹ್ನೆಯೂ ಅವುಗಳಲ್ಲಿವೆ. ಮಾನಸಗಂಗೋತ್ರಿಯ ಭೂಗೋಳ ವಿಭಾಗವೂ ಹುಣಸೂರೂ ಸೇರಿ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳೂ ಕೂಡಿ ಈ ಹೆಸರುಗಳನ್ನೂ ಮೇಲೆ ಹೇಳಿದ ಗುರುತುಗಳನ್ನೂ ಒಳಗೊಂಡ ಒಂದು ಪರೀಕ್ಷಾ ಕಡತವನ್ನು ಸಿದ್ಧಗೊಳಿಸಬೇಕೆಂದೂ, ಲೈಸೆನ್ಸಿನಲ್ಲಿ ಉಳಿತಾಯವಾಗುವ ಹಣದ ಅಲ್ಪಾಂಶವನ್ನಾದರೂ ಸರ್ಕಾರವು ಈ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ ವೇತನವಾಗಿ ಕೊಡಬೇಕೆಂದೂ ನಾನು ಒತ್ತಾಯಿಸುತ್ತೇನೆ. ಪರೀಕ್ಷೆಗೆಂದು ತೆರೆದಿಡುವ ಆ ಕೆಲವು ವಾರಗಳೊಳಗೇ ಕಡತವೂ ವರದಿಯೂ ತಲುಪಬೇಕು. ಬಿಡುಗಡೆಯಾದ ಮೇಲೆ ತಲುಪಿದ ದೂರು ಮುಂದಿನ ತಿದ್ದುಪಡಿಗೆ ಕಾಯುವಷ್ಟರಲ್ಲಿ ನಮ್ಮಲ್ಲಿ ಎಷ್ಟೋ ನಕ್ಷೆಗಳು ಮುದ್ರಣವಾಗಿ ಕಚೇರಿಯ ಕಡತಕ್ಕೆ ಸೇರಿಹೋಗಿರುತ್ತವೆ.