ಠಾಣೆಯ ಮಾತಿಗೆ ಯಂತ್ರಸಾಕ್ಷಿ

ಹಸುವನ್ನು ಕೊಳ್ಳುವುದು ಒಂದು ದಿನದ ವೆಚ್ಚ, ಮೇವು ನಿತ್ಯದ ವೆಚ್ಚವೆಂಬುದನ್ನು ಗೃಹಸ್ಥರಾದ ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಪೋಲೀಸರು ಆಪಾದಿತನನ್ನು ಪ್ರಶ್ನಿಸುವುದನ್ನೆಲ್ಲ ಧ್ವನಿಸಹಿತವಾಗಿ ಚಿತ್ರ ತೆಗೆದಿಡತಕ್ಕದ್ದೆಂಬ ಕಟ್ಟಳೆಯೂ ಇಂಥದೇ. ಕ್ಯಾಮರದ ಬೆಲೆಯು ಅಲ್ಪ. ಚಿತ್ರಗಳನ್ನು ತಿಂಗಳುಗಟ್ಟಲೆ ಕಾಪಿಡುವುದು, ಕೆಟ್ಟ ಯಂತ್ರವನ್ನು ರಿಪೇರಿ ಮಾಡಿಸುವುದು, ಗಂಟೆಗಟ್ಟಲೆಯ ಮಾತನ್ನು ಬರಹಕ್ಕಿಳಿಸುವುದು, ಇವೇ ಬೊಕ್ಕಸಕ್ಕೆ ಭಾರ. ಆದುದರಿಂದ ಕಡೆಯ ತಪ್ಪೊಪ್ಪಿಗೆಯೊಂದರ ಚಿತ್ರ ತೆಗೆದರೆ ಸಾಲದೇ ಎಂದು ಕೇಳುವವರುಂಟು.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹಾಗೆಯೇ ಮಾಡಿದ್ದರು. 1989ರಲ್ಲಿ ಅಲ್ಲಿನ ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನದಲ್ಲಿ ಒಬ್ಬ ಸ್ತ್ರೀಯ ಮೇಲೆ ಘೋರವಾದ ಅತ್ಯಾಚಾರವು ನಡೆಯಿತು. 14ರಿಂದ 16 ವರ್ಷದೊಳಗಿನ ಐವರು ಹುಡುಗರನ್ನು ಹಿಡಿದು ಬಹಳ ಹೊತ್ತು ಪ್ರಶ್ನಿಸಿದರು. ಆ ಹೊತ್ತಿನದೇನೂ ದಾಖಲಾಗಲಿಲ್ಲ. ಕಡೆಯಲ್ಲಿ ನಾಲ್ವರು ಒಪ್ಪಿ ನುಡಿದುದನ್ನು ಮಾತ್ರ ಚಿತ್ರ ತೆಗೆದರು. 1990ರಲ್ಲಿ ಐವರಿಗೂ ಶಿಕ್ಷೆಯಾಯಿತು. 2002ರಲ್ಲಿ ಬೇರೊಬ್ಬನು, ತಾನೊಬ್ಬನೇ ಅದನ್ನು ಮಾಡಿದೆನೆಂದು ಒಪ್ಪಿಕೊಂಡನು, ಡಿ.ಎನ್.ಎ. ಪರೀಕ್ಷೆಯೂ ಅವನನ್ನೇ ತೋರಿಸಿತು. ಹುಡುಗರ ಮೇಲಿನ ತೀರ್ಪು ರದ್ದಾಯಿತು. ಅಷ್ಟರಲ್ಲಿ ಅವರು ಹುಡುಗರಾಗಿ ಉಳಿದಿರಲಿಲ್ಲ. 2014ರಲ್ಲಿ ನಗರವು ಅವರಿಗೆ 4 ಕೋಟಿ 10 ಲಕ್ಷ ಡಾಲರು ಕೊಡಲೊಪ್ಪಿತು. ಟೇಪಿನಲ್ಲಿ ಉಳಿಸಿದುದು ಎಷ್ಟಿದ್ದೀತೋ! ಗುರುತರ ಅಪರಾಧಗಳಲ್ಲಿ ವಿಚಾರಣೆಯನ್ನೇ ಚಿತ್ರ ತೆಗೆಯಬೇಕೆಂದು ನ್ಯೂಯಾರ್ಕ್ ಸಂಸ್ಥಾನವು ಶಾಸನ ಮಾಡಿದುದು 2017ರಲ್ಲಿ.

ನಮ್ಮ ದೇಶದ ಸಂಗತಿಯು ಬೇರೆ. ಪೋಲೀಸರೆದುರಿನ ತಪ್ಪೊಪ್ಪಿಗೆಯು ಸಾಕ್ಷ್ಯವಾಗದೆಂದು 1872ರ ಶಾಸನವೇ ವಿಧಿಸಿತ್ತು. ಅದರ ಸ್ಥಾನದಲ್ಲಿ 2024ರಲ್ಲಿ ಜಾರಿಗೆ ಬಂದ ಹೊಸ ಶಾಸನವೂ ಹಾಗೆಯೇ ಹೇಳುತ್ತದೆ. ಮತ್ತೇಕೆ ಈ ಖರ್ಚು? ನಡೆದು ಒಳಗೆ ಹೋದವನು ನಡೆದೇ ಹೊರಗೆ ಬಂದನೇ ಎಂಬುದನ್ನು ನೋಡುವುದಕ್ಕೆ, ಎಂದು ನಾವು ಉತ್ತರ ಕೊಡುತ್ತೇವೆ. ಪ್ರತಿಯೊಂದು ಠಾಣೆಯಲ್ಲಿಯೂ ಧ್ವನಿಯನ್ನೂ ಹಿಡಿಯುವ ಕ್ಯಾಮರ ಇರತಕ್ಕದ್ದೆಂದೂ, ಚಿತ್ರಗಳನ್ನು 18 ತಿಂಗಳು ಉಳಿಸತಕ್ಕದ್ದೆಂದೂ, ಸರಕಾರಗಳು ಹಣ ಒದಗಿಸತಕ್ಕದ್ದೆಂದೂ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆಜ್ಞಾಪಿಸಿತು. 2025ರ ಸೆಪ್ಟೆಂಬರಿನಲ್ಲಿ, ಠಾಣೆಗಳಲ್ಲಿ ಕೆಲಸಮಾಡದಿರುವ ಕ್ಯಾಮರಗಳ ವಿಷಯವನ್ನು ಅದೇ ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ಹಸು ಬಂದಿತ್ತು, ಮೇವು ಬಂದಿರಲಿಲ್ಲ.

ಇನ್ನೊಂದು ಮಾತು. ಮನೆಯವರಲ್ಲಿ ಯಾರಿಗಾದರೂ ಠಾಣೆಯಲ್ಲಿ ಬಲವಾದ ಪೆಟ್ಟಾಗಿದ್ದರೆ ರಾಜ್ಯದ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದುಕೊಳ್ಳಬಹುದು. ಆಯೋಗವು ಆ ಚಿತ್ರಗಳನ್ನು ತರಿಸಿ ಭದ್ರಪಡಿಸಬಹುದೆಂದು 2020ರ ಆಜ್ಞೆಯಲ್ಲಿಯೇ ಇದೆ. ದಿನಾಂಕವನ್ನೂ ವೇಳೆಯನ್ನೂ ತಪ್ಪದೆ ಕಾಣಿಸಿ, ಚಿತ್ರವು ಅಳಿಸಿಹೋಗುವ ಮೊದಲೇ ಬರೆಯಬೇಕು.