ಅಣುಬಾಂಬಿನ ಮಾತು ಆಡುವ ಮುನ್ನ

ಗಡಿಯಲ್ಲಿ ಗುಂಡಿನ ಸದ್ದು ಕೇಳಿದರೆ ಸಾಕು, ಟಿ.ವಿ. ಚರ್ಚೆಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ, ಹೋಟೆಲಿನ ಟೇಬಲ್ಲುಗಳ ಸುತ್ತ ಒಂದು ಮಾತು ಎದ್ದೇಳುತ್ತದೆ: ‘ಒಂದು ಅಣುಬಾಂಬ್ ಹಾಕಿಬಿಡಲಿ, ಪೀಡೆ ತೊಲಗಲಿ.’ ಬಂಧುಗಳೇ, ಈ ಮಾತು ನಿಲ್ಲಬೇಕು. ಹಾಕಿ ಎನ್ನುವವರು ಹಾಕುವುದು ಏನನ್ನು ಎಂದು ಮೊದಲು ತಿಳಿಯಬೇಕು.

ಯುರೇನಿಯಂ-235ರ ಪರಮಾಣು ಬೀಜಕ್ಕೆ ನ್ಯೂಟ್ರಾನ್ ಬಡಿದರೆ ಅದು ಒಡೆಯುತ್ತದೆ. ಶಾಖ ಹೊಮ್ಮುತ್ತದೆ, ಎರಡೋ ಮೂರೋ ಹೊಸ ನ್ಯೂಟ್ರಾನುಗಳು ಚಿಮ್ಮುತ್ತವೆ, ಅವು ಇನ್ನಷ್ಟು ಬೀಜಗಳನ್ನು ಒಡೆಯುತ್ತವೆ. ಕಾಳಿ ನದಿಯ ದಂಡೆಯ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನಡೆಯುವುದೂ ಇದೇ ಸರಪಳಿ ಕ್ರಿಯೆ. ಅಲ್ಲಿ ಹೆಚ್ಚಾದ ನ್ಯೂಟ್ರಾನುಗಳನ್ನು ಹೀರಿಸಿ ಕ್ರಿಯೆಯನ್ನು ಹದದಲ್ಲಿಡುತ್ತಾರೆ. ಆ ಶಾಖಕ್ಕೆ ನೀರು ಹಬೆಯಾಗಿ ಟರ್ಬೈನ್ ತಿರುಗುತ್ತದೆ, ನಮ್ಮ ಮನೆಗೆ ಕರೆಂಟು ಬರುತ್ತದೆ. ಬಾಂಬಿಗೆ ಹದ ಬೇಡ. ಅಲ್ಲಿ ಎಲ್ಲವೂ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟರಲ್ಲಿ ಮುಗಿಯುತ್ತದೆ.

ಕೈಗಾದ ರಿಯಾಕ್ಟರ್ ಬಾಂಬಿನಂತೆ ಸಿಡಿಯಲಾರದು. ಅಲ್ಲಿ ಉರಿಯುವ ನೈಸರ್ಗಿಕ ಯುರೇನಿಯಂನಲ್ಲಿ 235ರ ಪಾಲು ಶೇ. 0.7 ಮಾತ್ರ, ಬಾಂಬಿಗೆ ಅದು ಶೇ. 90ರ ಆಸುಪಾಸು ಇರಬೇಕು. ಆದರೂ ಎರಡಕ್ಕೂ ನಂಟಿದೆ. ರಿಯಾಕ್ಟರಿನಲ್ಲಿ ಉರಿದ ಇಂಧನದೊಳಗೆ ಪ್ಲುಟೋನಿಯಂ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿದರೆ ಬಾಂಬಿನ ದಾರಿ ತೆರೆಯುತ್ತದೆ. ಟ್ರಾಂಬೆಯ ಸೈರಸ್ ರಿಯಾಕ್ಟರನ್ನು ಕೆನಡಾ ಕೊಟ್ಟದ್ದು ಶಾಂತಿಯ ಕೆಲಸಕ್ಕೆಂದು. 1974ರ ಮೇ 18ರಂದು ಪೋಖ್ರಾನಿನ ಅಣು ಪರೀಕ್ಷೆಯಲ್ಲಿ ಸಿಡಿದದ್ದು ಅಲ್ಲಿಯದೇ ಪ್ಲುಟೋನಿಯಂ. ಆ ಪರೀಕ್ಷೆಯ ಮುಂದಾಳು ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಹಾಗಾಗಿ ಇದು ದೂರದವರ ಸಂಗತಿಯಲ್ಲ, ನಮ್ಮದೂ ಹೌದು.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಿದ್ದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಅದರಲ್ಲಿ ಒಡೆದದ್ದು ಒಂದು ಕಿಲೋದಷ್ಟೂ ಇಲ್ಲ. ಅಷ್ಟಕ್ಕೇ ಆ ವರ್ಷ ಮುಗಿಯುವುದರೊಳಗೆ ಸುಮಾರು 1.4 ಲಕ್ಷ ಜನ ಸತ್ತರು. ಮನೆಯ ಮುಂದೆ ಮೂರು ಗಾಲಿಯ ಸೈಕಲ್ ಓಡಿಸುತ್ತಿದ್ದ, ನಾಲ್ಕು ತುಂಬದ ಮಗುವೊಂದು ಸುಟ್ಟು ಅದೇ ರಾತ್ರಿ ತೀರಿಕೊಂಡಿತು. ಒಂಟಿಯಾಗಿ ಮಲಗಿಸಲಾರದೆ ತಂದೆ ಸೈಕಲ್ಲನ್ನೂ ಹಿತ್ತಲಲ್ಲಿ ಮಗುವಿನ ಜೊತೆಗೇ ಹೂತರು. ನಲವತ್ತು ವರ್ಷದ ನಂತರ ಅಗೆದು ತೆಗೆದ ಆ ತುಕ್ಕುಹಿಡಿದ ಸೈಕಲ್ ಈಗ ಅಲ್ಲಿನ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿದೆ. ‘ಪೀಡೆ ತೊಲಗಲಿ’ ಎನ್ನುವವರೇ, ನೀವು ಹೇಳುತ್ತಿರುವುದು ಇಂಥ ಮಗುವಿನ ಬಗ್ಗೆ.

ಇಂದು ಜಗತ್ತಿನಲ್ಲಿ ಸುಮಾರು 12 ಸಾವಿರ ಅಣು ಸಿಡಿತಲೆಗಳಿವೆ. ಗಾಳಿಗೆ ಪಾಸ್‌ಪೋರ್ಟ್ ಬೇಕಿಲ್ಲ; ವಿಕಿರಣದ ಬೂದಿ ಗಡಿ ನೋಡಿ ಬೀಳುವುದಿಲ್ಲ. ಲಾಹೋರಿನಿಂದ ಅಮೃತಸರಕ್ಕೆ ಐವತ್ತು ಕಿಲೋಮೀಟರ್ ಚಿಲ್ಲರೆ ದೂರ, ಅಷ್ಟೇ.

ಮೇಷ್ಟ್ರೇ, ಸರಪಳಿ ಕ್ರಿಯೆಯ ಪಾಠ ಮಾಡುವಾಗ ಹಿರೋಶಿಮಾದ ಪಾಠವನ್ನೂ ಮಾಡಿ. ಕೈಗಾದ ಸುತ್ತಲಿನ ಜನರೇ, ಸುರಕ್ಷತೆಯ ಲೆಕ್ಕವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಅದು ನಿಮ್ಮ ಹಕ್ಕು. ಮತ ಕೇಳಲು ಬರುವವರನ್ನು ನಿಲ್ಲಿಸಿ ಕೇಳಿ: ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂಬ ದೇಶದ ಮಾತಿಗೆ ನೀವು ಬದ್ಧರೇ? ಮತ್ತೆ ಯಾರಾದರೂ ನಿಮ್ಮೆದುರು ‘ಹಾಕಿಬಿಡಲಿ’ ಎಂದರೆ ನಕ್ಕು ಸುಮ್ಮನಾಗಬೇಡಿ. ಬೇಡ ಎನ್ನಿ, ಗಟ್ಟಿಯಾಗಿ ಎನ್ನಿ.