ನಜಫ್‌ಗಢದ ದಾಂಡಿಗನಿಗೆ ನಮ್ಮ ಋಣ

ಕ್ರಿಕೆಟ್ಟಿನ ಮಾತು ಬಂದಾಗ ಹೊರನಾಡ ಕನ್ನಡಿಗರಾದ ನಮ್ಮ ಅಭಿಮಾನ ಸಹನೆಯ ಕಡೆಗೇ ವಾಲುತ್ತದೆ. ರಾಹುಲ್ ದ್ರಾವಿಡರ ತಾಳ್ಮೆ, ಅನಿಲ್ ಕುಂಬ್ಳೆಯವರ ಛಲ, ಇವನ್ನು ನೆರೆಹೊರೆಯವರೆದುರು ನಮ್ಮ ಕುಲಗುಣವೋ ಎಂಬಂತೆ ಹೇಳಿಕೊಂಡು ಬಂದವರು ನಾವು. ಪರಸ್ಥಳದಲ್ಲಿ ತಲೆ ತಗ್ಗಿಸಿ ದುಡಿದು, ಯಾರನ್ನೂ ಎದುರು ಹಾಕಿಕೊಳ್ಳದೆ ನೆಲೆ ಕಂಡುಕೊಂಡವರಿಗೆ ಅಂಥ ಆಟ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಅಭಿಮಾನದ ನೆರಳಿನಲ್ಲಿ ದಿಲ್ಲಿಯ ಅಂಚಿನ ನಜಫ್‌ಗಢದ ವೀರೇಂದ್ರ ಸೆಹ್ವಾಗರಿಗೆ ಸಲ್ಲಬೇಕಾದ ಗೌರವ ನಮ್ಮಿಂದ ಪೂರ್ತಿ ಸಂದಿಲ್ಲ. ಅವರ ಏರುಗಾಲದಲ್ಲಿ ಚಪ್ಪಾಳೆ ತಟ್ಟಿದೆವು, ನಿಜ. ಆಟ ಮಂಕಾದಾಗ ಈತನಿಗೆ ಜವಾಬ್ದಾರಿಯೆಂಬುದೇ ಇಲ್ಲವೆಂದು ಗೊಣಗಿದವರಲ್ಲಿ ನಮ್ಮವರೂ ಇದ್ದರು.

ವಸ್ತುತಃ ನಾವು ಮೆಚ್ಚುವ ಗೆಲುವುಗಳ ಹಿಂದೆ ಈ ದಾಂಡಿಗನ ಪಾಲು ದೊಡ್ಡದು. 2004ರ ಮಾರ್ಚಿಯಲ್ಲಿ ಮುಲ್ತಾನಿನಲ್ಲಿ ಸೆಹ್ವಾಗ್ 309 ರನ್ ಗಳಿಸಿದರು. ಟೆಸ್ಟ್ ಪಂದ್ಯದಲ್ಲಿ ಭಾರತೀಯನೊಬ್ಬನ ಪ್ರಥಮ ತ್ರಿಶತಕವದು. ಮುನ್ನೂರರ ಗಡಿಯನ್ನು ಸಿಕ್ಸರ್ ಎತ್ತಿ ದಾಟಿದ್ದು ಎಲ್ಲರಿಗೂ ನೆನಪಿದೆ. ಆ ರನ್ನುಗಳು ಬಂದ ವೇಗದಿಂದಲೇ ಎದುರಾಳಿಯನ್ನು ಎರಡು ಸಲ ಉರುಳಿಸಲು ವೇಳೆ ಒದಗಿತೆಂಬುದು ಅಷ್ಟಾಗಿ ನೆನಪಿಲ್ಲ. ಎರಡನೆಯ ಇನಿಂಗ್ಸಿನಲ್ಲಿ ಕುಂಬ್ಳೆ 72 ರನ್ನಿಗೆ 6 ವಿಕೆಟ್ ಕಿತ್ತರು. ಪಾಕಿಸ್ತಾನದ ನೆಲದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಿತು. ಅಂದಿನ ನಾಯಕರು ದ್ರಾವಿಡ್. 2006ರಲ್ಲಿ ಲಾಹೋರಿನಲ್ಲಿ ಇದೇ ದ್ರಾವಿಡರೊಡನೆ ಆಟ ಆರಂಭಿಸಿ 410 ರನ್ನುಗಳ ಜೊತೆಯಾಟ ಕಟ್ಟಿದರು. 1956ರ ಮಂಕಡ್–ಪಂಕಜ್ ರಾಯ್ ದಾಖಲೆಗೆ ಮೂರೇ ರನ್ ಕೊರತೆ. ಸೆಹ್ವಾಗ್ 254, ದ್ರಾವಿಡ್ ಅಜೇಯ 128. ಒಂದು ತುದಿಯಲ್ಲಿ ಎಸೆತಗಾರರ ಧೈರ್ಯ ಉಡುಗಿದ್ದಾಗ ಇನ್ನೊಂದು ತುದಿಯ ತಾಳ್ಮೆಗೆ ಎಷ್ಟು ನಿರಾಳವಾಯಿತೆಂಬುದನ್ನು ನಾವು ಲೆಕ್ಕ ಹಾಕಲೇ ಇಲ್ಲ.

ಜವಾಬ್ದಾರಿಯ ಮಾತಿಗೂ ಉತ್ತರವಿದೆ. ಒಂದು ವರ್ಷ ಟೆಸ್ಟ್ ತಂಡದಿಂದ ಹೊರಗುಳಿದು, 2008ರ ಜನವರಿಯಲ್ಲಿ ಕುಂಬ್ಳೆಯವರ ನಾಯಕತ್ವದಲ್ಲಿ ಮರಳಿದವರು ಅಡಿಲೇಡಿನಲ್ಲಿ 151 ರನ್ ಗಳಿಸಿ ಪಂದ್ಯವನ್ನು ಉಳಿಸಿಕೊಟ್ಟರು. ಅದೇ ವರ್ಷ ಗಾಲೆಯಲ್ಲಿ ಅಜಂತ ಮೆಂಡಿಸರ ತಿರುವುಗಳಿಗೆ ಘಟಾನುಘಟಿಗಳು ಕಂಗೆಟ್ಟಿದ್ದಾಗ, ತಂಡದ 329ರಲ್ಲಿ 201 ಇವರದೇ. ಮೊದಲಿಗನಾಗಿ ಇಳಿದು ಕೊನೆಯವರೆಗೂ ಔಟಾಗದೆ ನಿಂತರು.

ಬಿರುಸಿನ ದಾಂಡಿಗನ ಇಳಿಗಾಲ ಕ್ರೂರವಾದುದು. ರಕ್ಷಣೆಯನ್ನೇ ನಂಬಿದವನಿಗೆ ವಯಸ್ಸಾದರೆ ರನ್ನುಗಳು ಮೆಲ್ಲಗೆ ಬತ್ತುತ್ತವೆ. ಜನ ಅನುಕಂಪ ತೋರುತ್ತಾರೆ. ಸೆಹ್ವಾಗರ ಕಾಲುಗಳು ಎಂದೂ ಹೆಚ್ಚು ಚಲಿಸಿದವಲ್ಲ, ಕಣ್ಣು–ಕೈಗಳ ಚುರುಕೇ ಅವರ ಬಂಡವಾಳ. ಕಣ್ಣು ಕ್ಷಣಾರ್ಧ ತಡೆದರೂ ಸಾಕು, ನಿನ್ನೆ ಗಡಿ ದಾಟುತ್ತಿದ್ದ ಹೊಡೆತ ಇಂದು ಸ್ಲಿಪ್ಪಿನವನ ಕೈ ಸೇರುತ್ತದೆ. ಅದೇ ಹೊಡೆತವನ್ನು ನಿನ್ನೆ ಧೈರ್ಯವೆಂದ ನಾವು ಇಂದು ಉಡಾಫೆಯೆನ್ನುತ್ತೇವೆ. 2011ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಎರಡೂ ಇನಿಂಗ್ಸುಗಳಲ್ಲಿ ಮೊದಲ ಚೆಂಡಿಗೇ ಔಟಾದರು. ನಾಲ್ಕೇ ತಿಂಗಳಲ್ಲಿ ಇಂದೋರಿನ ಒಂದು ದಿನದ ಪಂದ್ಯದಲ್ಲಿ 219 ಬಾರಿಸಿದರು. ದೀಪ ಆರುವ ಮುನ್ನ ಹಾಗೆ ಉರಿಯುತ್ತದೆನ್ನುವುದುಂಟು. 2012ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ಗಳಿಸಿದ 117 ಅವರ ಕಡೆಯ ಟೆಸ್ಟ್ ಶತಕವಾಯಿತು.

2013ರ ಫೆಬ್ರುವರಿಯಲ್ಲಿ ಚೆನ್ನೈಯ ಚೆಪಾಕ್ ಮೈದಾನಕ್ಕೆ ಕನ್ನಡಕ ಧರಿಸಿ ಬಂದರು. ಐದು ವರ್ಷಗಳ ಹಿಂದೆ 304 ಚೆಂಡುಗಳಲ್ಲಿ 319 ಗಳಿಸಿದ್ದ ಮೈದಾನವದು. ಈ ಸಲ 2 ಮತ್ತು 19. ಮುಂದಿನ ಹೈದರಾಬಾದ್ ಪಂದ್ಯವೇ ಕೊನೆಯ ಟೆಸ್ಟ್. ಮೊಹಾಲಿಯಲ್ಲಿ ಅವರ ಸ್ಥಾನಕ್ಕೆ ಬಂದ ದಿಲ್ಲಿಯವರೇ ಆದ ಶಿಖರ್ ಧವನ್ 187 ಬಾರಿಸಿದರು. ಬಿರುಸಿನ ಆಟ ಬೇಡವೆಂದು ಯಾರೂ ನಿರ್ಧರಿಸಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

2012ರಲ್ಲಿ ದ್ರಾವಿಡ್ ಬೆಂಗಳೂರಿನಲ್ಲಿ ತಾವೇ ದಿನ ಗೊತ್ತುಪಡಿಸಿ ವಿದಾಯ ಹೇಳಿದರು. ಅದಕ್ಕೆ ನಾವು ಹೆಮ್ಮೆಪಟ್ಟೆವು. ಸೆಹ್ವಾಗರಿಗೆ ಆ ಭಾಗ್ಯವಿರಲಿಲ್ಲ. ಎರಡೂವರೆ ವರ್ಷ ಕಾದು, 2015ರ ಅಕ್ಟೋಬರ್ 20ರಂದು, 37 ತುಂಬಿದ ದಿನ, ನಿವೃತ್ತಿ ಘೋಷಿಸಿದರು. ಡಿಸೆಂಬರಿನಲ್ಲಿ ಕೋಟ್ಲಾದಲ್ಲಿ ಕ್ರಿಕೆಟ್ ಮಂಡಳಿ ಸನ್ಮಾನಿಸಿತು. ಆದರೆ ಅದು ಬೇರೆಯವರು ಆಡುತ್ತಿದ್ದ ಟೆಸ್ಟು.

ಆ ಘೋಷಣೆಯ ಬೆನ್ನಿಗೇ, ದಸರೆಯ ದಿನಗಳಲ್ಲಿ, ಅವರು ಹರಿಯಾಣದ ಪರ ರಣಜಿ ಪಂದ್ಯವಾಡಲು ಮೈಸೂರಿಗೆ ಬಂದಿದ್ದರು. ಎದುರಾಳಿ ಕರ್ನಾಟಕ, ಸತತ ಎರಡು ವರ್ಷ ರಣಜಿ ಗೆದ್ದಿದ್ದ ತಂಡ. ಬಿಟ್ಟುಹೋಗುತ್ತಿರುವ ಆಟದಲ್ಲಿ ಸಾಧಿಸಬೇಕಾದದ್ದು ಏನೂ ಉಳಿಯದ ಆ ಮನುಷ್ಯ ನಮ್ಮ ಹುಡುಗರ ಎಸೆತಗಳಿಗೆ 136 ರನ್ ಹೊಡೆದರು.